ಕೇಳದೆ ಪಡೆದ ಕೋಶಗಳು

2017ರ ಫೆಬ್ರುವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ. ಕರ್ನಾಟಕ, ತಮಿಳುನಾಡು, ಗೋವಾ, ಪುದುಚೇರಿ, ಲಕ್ಷದ್ವೀಪಗಳಲ್ಲಿ ಒಂಬತ್ತು ತಿಂಗಳ ಕೂಸಿನಿಂದ ಹಿಡಿದು ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಲಸಿಕೆ ಹಾಕಲು ಹೊರಟಿದ್ದರು. ವಾಟ್ಸಾಪ್‌ನಲ್ಲಿ ಹತ್ತೆಂಟು ವದಂತಿಗಳು ಹರಿದಾಡಿದವು. ಮಕ್ಕಳಾಗುವುದಿಲ್ಲವಂತೆ, ಇದೊಂದು ಸಂಚಂತೆ ಎಂದೆಲ್ಲ. ಅಷ್ಟು ಸುಳ್ಳುಗಳ ಗದ್ದಲದಲ್ಲಿ ಒಂದು ನಿಜ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ನಮ್ಮಲ್ಲಿ ಕೊಡುವ ಆ ಲಸಿಕೆಯ ವೈರಸ್‌ಗಳನ್ನು ಬೆಳೆಸುವುದು ಮನುಷ್ಯನ ಕೋಶಗಳಲ್ಲಿ. ಲಸಿಕೆ ತಯಾರಿಕೆಯಲ್ಲಿ ಹೆಸರುವಾಸಿಯಾದ ಅಂಥ ಎರಡು ಕೋಶಸಂತತಿಗಳಿವೆ, ಅಂದರೆ ಒಮ್ಮೆ ಪಡೆದು ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಹೋಗುವ ಕೋಶಗಳು: 1962ರ ಡಬ್ಲ್ಯುಐ-38 ಮತ್ತು 1966ರ ಎಂಆರ್‌ಸಿ-5. ಎರಡೂ ಗರ್ಭಪಾತವಾದ ಭ್ರೂಣಗಳ ಶ್ವಾಸಕೋಶದಿಂದ ಬಂದವು.

ಮುಂದೆ ಹೋಗುವ ಮೊದಲೇ ಒಂದು ಮಾತು. ಲಸಿಕೆಯಲ್ಲಿ ಭ್ರೂಣದ ಚೂರು ಇರುವುದಿಲ್ಲ. ವೈರಸ್ ಬೆಳೆದ ಮೇಲೆ ಅದನ್ನು ಬೇರ್ಪಡಿಸಿ ಶುದ್ಧೀಕರಿಸುತ್ತಾರೆ. ಇದನ್ನು ಓದಿ ಯಾರೂ ಮಗುವಿನ ಲಸಿಕೆ ತಪ್ಪಿಸಬೇಡಿ. ರುಬೆಲ್ಲಾ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ 1964–65ರ ಪಿಡುಗು ಸಾಕು: ಸುಮಾರು ಒಂದೂಕಾಲು ಕೋಟಿ ಜನರಿಗೆ ಸೋಂಕು, ಹನ್ನೊಂದು ಸಾವಿರದಷ್ಟು ಗರ್ಭನಷ್ಟ, ಕಿವುಡು, ಕುರುಡು, ಹೃದಯದ ದೋಷ ಹೊತ್ತು ಹುಟ್ಟಿದ ಇಪ್ಪತ್ತು ಸಾವಿರ ಕೂಸುಗಳು. ಇಂದಿಗೂ ಬಳಕೆಯಲ್ಲಿರುವ ಆರ್‌ಎ 27/3 ಎಂಬ ಲಸಿಕಾ ತಳಿಯ ಮೂಲ ವೈರಸ್ ಸಿಕ್ಕಿದ್ದು ಅದೇ ಪಿಡುಗಿನಲ್ಲಿ, ಸೋಂಕಿನ ಭಯದಿಂದ ಗರ್ಭಪಾತ ಮಾಡಿಸಿಕೊಂಡ ಹೆಂಗಸರ ಭ್ರೂಣಗಳನ್ನು ಪರೀಕ್ಷಿಸುವಾಗ. ಆ 27 ಇಪ್ಪತ್ತೇಳನೆಯ ಭ್ರೂಣದ ಲೆಕ್ಕ. ಗರ್ಭಪಾತದಿಂದ ಬಂದ ವೈರಸ್ಸನ್ನು ಗರ್ಭಪಾತದಿಂದಲೇ ಬಂದ ಕೋಶಗಳಲ್ಲಿ ಬೆಳೆಸಿ ತಯಾರಿಸಿದ ಲಸಿಕೆ, ಅಲ್ಲಿಂದಾಚೆಗೆ ಎಷ್ಟೋ ಗರ್ಭಗಳನ್ನು ಉಳಿಸಿದೆ. ಈ ಸಂಗತಿಯನ್ನು ಗರ್ಭಪಾತದ ಪರ ಇರುವವರ ಘೋಷಣೆಯೊಳಗೂ ವಿರೋಧಿಸುವವರ ಘೋಷಣೆಯೊಳಗೂ ತುರುಕಲಾಗುವುದಿಲ್ಲ. ಅದಕ್ಕೇ ಇರಬೇಕು, ಎರಡೂ ಪಕ್ಷದವರು ಇದರ ಮಾತೆತ್ತುವುದು ಕಡಿಮೆ.

ಇವು ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳಲ್ಲ (ಸ್ಟೆಮ್ ಸೆಲ್), ಶ್ವಾಸಕೋಶದ ಸಾಧಾರಣ ಕೋಶಗಳು. ಆದರೂ ಇಲ್ಲಿಂದ ಶುರು ಮಾಡಲು ಕಾರಣವಿದೆ. ಭ್ರೂಣದ ಆಕರಕೋಶಗಳಿಂದ ಚಿಕಿತ್ಸೆ ಮಾಡುವುದು ಸರಿಯೇ ತಪ್ಪೇ ಎಂಬ ಮಾತು ಬಂದಾಗಲೆಲ್ಲ ನಾವು ಜಗಲಿಯ ಮೇಲೆ ಕುಳಿತ ಪಂಚರಂತೆ ತೀರ್ಪು ಕೊಡಲು ತೊಡಗುತ್ತೇವೆ. ಆದರೆ ನಾವು ಆಗಲೇ ಫಲಾನುಭವಿಗಳು. ಕೋವಿಡ್ ಕಾಲದಲ್ಲಿ ನಮ್ಮಲ್ಲಿ ಬಹುಪಾಲು ಜನ ಹಾಕಿಸಿಕೊಂಡ ಕೋವಿಶೀಲ್ಡ್ ತಯಾರಾದದ್ದು ಎಚ್‌ಇಕೆ-293 ಎಂಬ ಕೋಶಗಳಲ್ಲಿ. 1970ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಒಂದು ಭ್ರೂಣದ ಮೂತ್ರಪಿಂಡದಿಂದ ಪಡೆದವು ಅವು. ಗರ್ಭಪಾತವನ್ನು ಯಾವ ಹಂತದಲ್ಲೂ ಒಪ್ಪದ ವ್ಯಾಟಿಕನ್ ಕೂಡ 2020ರ ಡಿಸೆಂಬರ್‌ನಲ್ಲಿ, ಬೇರೆ ಲಸಿಕೆ ಸಿಗದಿದ್ದಾಗ ಇಂಥದನ್ನು ಹಾಕಿಸಿಕೊಳ್ಳುವುದು ನೈತಿಕವಾಗಿ ಒಪ್ಪಬಹುದಾದದ್ದೇ ಎಂದು ಹೇಳಿತು. ಅವರ ವಾದದ ತಿರುಳು 'ದೂರ' ಎಂಬ ಒಂದೇ ಮಾತು. ಆದದ್ದು ಎಂದೋ ಆಗಿಹೋಗಿದೆ, ಇಂದು ಲಸಿಕೆ ಪಡೆಯುವವನಿಗೂ ಆ ಗರ್ಭಪಾತಕ್ಕೂ ಇರುವ ನಂಟು ಬಹಳ ತೆಳು.

ಈ ದೂರದ ವಾದ ಕೆಲಮಟ್ಟಿಗೆ ನನಗೂ ಒಪ್ಪಿಗೆ. ಆದರೆ ಅದು ತೀರಾ ಹತ್ತಿರವಿದ್ದ ಒಬ್ಬಳನ್ನು ಮರೆಯುತ್ತದೆ. 1962ರಲ್ಲಿ ಸ್ವೀಡನ್‌ನ ಒಬ್ಬ ಹೆಂಗಸು, ಆಗಲೇ ಮಕ್ಕಳಿದ್ದವಳು, ಇನ್ನೊಂದು ಮಗು ಬೇಡವೆಂದು ಅಲ್ಲಿನ ಕಾನೂನಿನ ಪ್ರಕಾರವೇ ಗರ್ಭಪಾತ ಮಾಡಿಸಿಕೊಂಡಳು. ಸುಮಾರು ಮೂರು ತಿಂಗಳ ಆ ಹೆಣ್ಣು ಭ್ರೂಣದ ಶ್ವಾಸಕೋಶ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯಲ್ಲಿದ್ದ ಲಿಯೊನಾರ್ಡ್ ಹೇಫ್ಲಿಕ್ ಎಂಬ ವಿಜ್ಞಾನಿಯ ಕೈ ಸೇರಿತು. ಅವಳನ್ನು ಯಾರೂ ಕೇಳಲಿಲ್ಲ. ಆಮೇಲೆ ಅವಳನ್ನು ಹುಡುಕಿಕೊಂಡು ಹೋದದ್ದು ಅವಳ ಮನೆತನದಲ್ಲಿ ಕಾಯಿಲೆ ಕಸಾಲೆ ಇದೆಯೇ ಎಂದು ತಿಳಿಯಲು, ಏಕೆಂದರೆ ಲಸಿಕೆಗೆ ಬಳಸುವ ಕೋಶ ನಿರ್ದೋಷವಾಗಿರಬೇಕಲ್ಲ! ಮುಂದೆ ಆ ಕೋಶಗಳು ಯಾರಿಗೆ ಸೇರಿದವು ಎಂಬ ಬಗ್ಗೆ ಹೇಫ್ಲಿಕ್ ಮತ್ತು ಅಮೆರಿಕ ಸರ್ಕಾರದ ನಡುವೆ ವರ್ಷಗಟ್ಟಲೆ ಜಗಳ ನಡೆದು, 1980ರ ದಶಕದ ಆರಂಭದಲ್ಲಿ ರಾಜಿಯಾಯಿತು. ಆ ಜಗಳದಲ್ಲಿ ಪಕ್ಷಗಾರರು ಇಬ್ಬರೇ. ಮೂರನೆಯವಳು ಇರಬಹುದೆಂಬ ಯೋಚನೆ ಇಬ್ಬರಿಗೂ ಬಂದಂತಿಲ್ಲ.

ಭ್ರೂಣಕ್ಕೆ ಜೀವ ಯಾವಾಗ ಬರುತ್ತದೆ ಎಂಬ ಪ್ರಶ್ನೆಯ ಮೇಲೆ ನಾವು ಖರ್ಚು ಮಾಡಿದಷ್ಟು ಮಾತನ್ನು ಈ ಮೂರನೆಯವಳ ಮೇಲೆ ಮಾಡಿಲ್ಲ. ಮೊದಲ ಪ್ರಶ್ನೆ ಬಗೆಹರಿಯುವಂಥದಲ್ಲ. ಚರಕ ಸಂಹಿತೆಯ ಪ್ರಕಾರ ಶುಕ್ರಶೋಣಿತಗಳ ಸಂಯೋಗದಲ್ಲೇ ಜೀವ ಬಂದು ಸೇರುತ್ತದೆ. ಗರ್ಭೋಪನಿಷತ್ತು ಏಳನೆಯ ತಿಂಗಳು ಎನ್ನುತ್ತದೆ. ಇಸ್ಲಾಮಿನ ವಿದ್ವಾಂಸರಲ್ಲಿ ಹಲವರು 120 ದಿನ ಎನ್ನುತ್ತಾರೆ. ಒಂದೇ ಪರಂಪರೆಯೊಳಗೇ ಒಮ್ಮತವಿಲ್ಲದಿರುವಾಗ ಇದನ್ನು ಬಗೆಹರಿಸಿದ ಮೇಲೆಯೇ ಮುಂದಿನ ಮಾತು ಎಂದು ಹಟ ಹಿಡಿದರೆ ಮುಂದಿನ ಮಾತು ಬರುವುದೇ ಇಲ್ಲ. ಅಷ್ಟರಲ್ಲಿ ವ್ಯಾಪಾರ ಮಾಡುವವರು ಮಾಡಿಕೊಂಡು ಹೋಗುತ್ತಾರೆ.

ಚಿಕಿತ್ಸೆಯ ವಿಷಯಕ್ಕೆ ಬರುತ್ತೇನೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನ ನಡುಭಾಗದಲ್ಲಿ ಡೋಪಮಿನ್ ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಸತ್ತವುಗಳ ಜಾಗಕ್ಕೆ ಎಳೆಯ ಕೋಶಗಳನ್ನು ನೆಟ್ಟರೆ ಹೇಗೆ ಎಂದು ಯೋಚಿಸಿ, ಸ್ವೀಡನ್‌ನ ಲುಂಡ್‌ನಲ್ಲಿ 1987ರಿಂದ ಆಂಡರ್ಸ್ ಬ್ಯೋರ್ಕ್‌ಲುಂಡ್, ಒಲ್ಲೆ ಲಿಂಡ್ವಾಲ್ ಮತ್ತು ಜೊತೆಗಾರರು ಆರರಿಂದ ಎಂಟು ವಾರದ ಭ್ರೂಣಗಳ ನಡುಮಿದುಳಿನ ಅಂಗಾಂಶವನ್ನು ರೋಗಿಗಳ ಮಿದುಳಿಗೆ ಕಸಿ ಮಾಡಿದರು. ಕೆಲವರಲ್ಲಿ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಮಾತ್ರೆಯನ್ನೇ ಬಿಟ್ಟು ವರ್ಷಗಟ್ಟಲೆ ಓಡಾಡಿಕೊಂಡಿದ್ದವರಿದ್ದರು. ಆಮೇಲೆ ಅಮೆರಿಕದಲ್ಲಿ 40 ರೋಗಿಗಳ ಮೇಲೆ ಕಟ್ಟುನಿಟ್ಟಾದ ಪರೀಕ್ಷೆ ನಡೆದು 2001ರಲ್ಲಿ ಪ್ರಕಟವಾಯಿತು. ಅರ್ಧ ಜನರಿಗೆ ಕಸಿ, ಇನ್ನರ್ಧ ಜನರಿಗೆ ಬುರುಡೆಯಲ್ಲಿ ತೂತು ಮಾತ್ರ, ಒಳಗೆ ಏನೂ ಇಲ್ಲ. ಯಾರಿಗೆ ಏನಾಗಿದೆ ಎಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯರಿಗೂ ಗೊತ್ತಿಲ್ಲ. ಅರುವತ್ತರೊಳಗಿನವರಲ್ಲಿ ಒಂದಿಷ್ಟು ಸುಧಾರಣೆ ಕಂಡಿತು, ಅದಕ್ಕಿಂತ ಹಿರಿಯರಲ್ಲಿ ಇಲ್ಲ. ಕಸಿ ಪಡೆದವರಲ್ಲಿ ಶೇ 15ರಷ್ಟು ಜನರಿಗೆ ಕೈಕಾಲು ತಮ್ಮಷ್ಟಕ್ಕೆ ತಾವೇ ಹೊರಳಾಡುವ ತೊಂದರೆ ಗಂಟುಬಿತ್ತು, ಔಷಧ ಕಡಿಮೆ ಮಾಡಿದರೂ ಅದು ಹೋಗಲಿಲ್ಲ.

ಅದೇ ಪರೀಕ್ಷೆಯಿಂದ ಬಂದ ಇನ್ನೊಂದು ಅಂಶ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ತಮಗೆ ಕಸಿ ಆಗಿದೆ ಎಂದು ನಂಬಿದವರು, ನಿಜಕ್ಕೂ ಆಗಿರಲಿ ಬಿಡಲಿ, ತಮ್ಮ ಬದುಕು ಸುಧಾರಿಸಿದೆ ಎಂದರು. ಬುರುಡೆಯಲ್ಲಿ ಬರೀ ತೂತು ಕೊರೆಸಿಕೊಂಡವರೂ ಅವರಲ್ಲಿದ್ದರು. ಯೂಟ್ಯೂಬಿನಲ್ಲಿ 'ಸ್ಟೆಮ್ ಸೆಲ್‌ನಿಂದ ನನ್ನ ತಂದೆ ಎದ್ದು ನಡೆದರು' ಎಂಬ ವಿಡಿಯೊ ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಆ ಮಗ ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ.

ನನ್ನ ಚಿಕ್ಕಪ್ಪನಿಗೂ ಪಾರ್ಕಿನ್ಸನ್ ಇದೆ. ಸಾಗರದ ಕಡೆ ತೋಟ. ಲೆವೊಡೋಪಾ ಮಾತ್ರೆಯ ವೇಳೆಗೆ ತಕ್ಕಂತೆ ದಿನ ಸಾಗುತ್ತದೆ. ಕೆಲವು ವರ್ಷಗಳ ಹಿಂದೆ ಅವರ ಮಗ ಫೋನ್ ಮಾಡಿ, "ಅಕ್ಕಾ, ಊರ ಹೊರಗಿನ ಒಂದು ಕ್ಲಿನಿಕ್ಕಿನವರ ಜೊತೆ ಮಾತಾಡಿದ್ದೇನೆ. ಭ್ರೂಣದ ಸ್ಟೆಮ್ ಸೆಲ್ ಹಾಕುತ್ತಾರಂತೆ. ಲಕ್ಷಗಟ್ಟಲೆ ಆಗುತ್ತದೆ, ಆಗಲಿ. ನೀನು ಮಾತ್ರ ಬೇಡ ಎನ್ನಬೇಡ" ಎಂದ. ಬೇಡ ಎಂದೆ. ಅವನು ಸಿಟ್ಟಾಗಿ ಫೋನ್ ಇಟ್ಟ. ಚಿಕ್ಕಪ್ಪನ ಜೊತೆ ಮಾತಾಡಿದಾಗ ಅವರು ಕೇಳಿದ್ದು ಒಂದೇ: "ಅಲ್ಲಮ್ಮಾ, ಆ ಕೋಶ ಅವರಿಗೆ ಎಲ್ಲಿಂದ ಸಿಗುತ್ತದೆ?" ಕ್ಲಿನಿಕ್ ಕಳಿಸಿದ್ದ ಬಣ್ಣದ ಕರಪತ್ರದಲ್ಲಿ ತಂಗುವ ಕೋಣೆಯ ಚಿತ್ರವಿತ್ತು, ಊಟದ ವ್ಯವಸ್ಥೆಯ ವಿವರವಿತ್ತು, ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಚಿಕ್ಕಪ್ಪ ಕೊನೆಗೂ ಹೋಗಲಿಲ್ಲ. ನೀತಿಯ ಕಾರಣಕ್ಕೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಿಜವೆಂದರೆ ಆಗ ಅಡಿಕೆಯ ಕೊನೆಕೊಯ್ಲು ನಡೆಯುತ್ತಿತ್ತು, ಅದು ಮುಗಿಯುವಷ್ಟರಲ್ಲಿ ಉತ್ಸಾಹವೂ ಇಳಿದಿತ್ತು.

ಎಲ್ಲಿಂದ ಸಿಗುತ್ತದೆ ಎಂಬುದು ತೋಟಗಾರನೊಬ್ಬನ ಕುತೂಹಲ ಮಾತ್ರವಲ್ಲ. ಇಸ್ರೇಲಿನ ಒಬ್ಬ ಹುಡುಗನಿಗೆ ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಆನುವಂಶಿಕ ಕಾಯಿಲೆ. 2001ರಲ್ಲಿ ತಂದೆತಾಯಿ ಅವನನ್ನು ಮಾಸ್ಕೋಗೆ ಕರೆದೊಯ್ದು ಭ್ರೂಣದ ನರ ಆಕರಕೋಶಗಳನ್ನು ಮಿದುಳಿಗೂ ಬೆನ್ನುಹುರಿಯ ದ್ರವಕ್ಕೂ ಹಾಕಿಸಿದರು. 2002ರಲ್ಲಿ, 2004ರಲ್ಲಿ ಮತ್ತೆ ಹೋದರು. 2005ರಲ್ಲಿ ತಲೆನೋವೆಂದು ಪರೀಕ್ಷಿಸಿದಾಗ ಮಿದುಳಿನಲ್ಲೂ ಬೆನ್ನುಹುರಿಯಲ್ಲೂ ಗೆಡ್ಡೆ. ಬೆನ್ನುಹುರಿಯ ಗೆಡ್ಡೆ ತೆಗೆದು ನೋಡಿದರೆ ಅದರಲ್ಲಿ ಹೆಣ್ಣಿನ ಕೋಶಗಳಿದ್ದವು. ಅದು ಅವನ ಮೈಯ ಗೆಡ್ಡೆಯಲ್ಲ, ಹಾಕಿದ ಕೋಶಗಳೇ ಬೆಳೆದದ್ದು. ಅವೂ ಕನಿಷ್ಠ ಎರಡು ಭ್ರೂಣಗಳಿಂದ ಬಂದವು. 2009ರಲ್ಲಿ ಇದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಎಷ್ಟು ಭ್ರೂಣಗಳು, ಎಷ್ಟು ವಾರದವು, ಯಾವ ಪರೀಕ್ಷೆಗೆ ಒಳಪಟ್ಟವು ಎಂಬ ಲೆಕ್ಕ ಬಿಟ್ಟು ಮಗುವಿನ ಮಿದುಳಿಗೆ ಸೂಜಿ ಹಾಕಿದರೆ ಆಗುವುದು ಇದೇ. ಕೊಟ್ಟವಳ ಲೆಕ್ಕವಿಡದವನು ಪಡೆಯುವವನ ಲೆಕ್ಕವನ್ನೂ ಇಡುವುದಿಲ್ಲ.

ನಮ್ಮ ದೇಶದ ನಿಯಮ ಕಾಗದದ ಮೇಲೆ ಸ್ಪಷ್ಟವಾಗಿಯೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2007ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಹೆಸರಿನಲ್ಲಿ 'ಆಕರಕೋಶ ಸಂಶೋಧನೆ ಮತ್ತು ಚಿಕಿತ್ಸೆ' ಎಂದಿತ್ತು. 2013ರಲ್ಲಿ ಪರಿಷ್ಕರಿಸುವಾಗ 'ಚಿಕಿತ್ಸೆ'ಯನ್ನು ಕಿತ್ತುಹಾಕಿದರು. ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯ ಕಸಿಯಂಥದನ್ನು ಬಿಟ್ಟರೆ ಉಳಿದದ್ದೆಲ್ಲ ಇನ್ನೂ ಪ್ರಯೋಗ, ಅನುಮತಿ ಪಡೆದ ಪ್ರಯೋಗದ ಹೊರಗೆ ಮಾಡುವಂತಿಲ್ಲ ಎಂದು 2017ರ ಆವೃತ್ತಿಯೂ ಹೇಳುತ್ತದೆ. ಭ್ರೂಣದ ಅಂಗಾಂಶದ ಬಗ್ಗೆಯೂ ಮಂಡಳಿಯ ನೀತಿಸೂತ್ರಗಳಿವೆ: ಅಂಗಾಂಶಕ್ಕಾಗಿ ಗರ್ಭಪಾತ ಮಾಡುವಂತಿಲ್ಲ, ತಾಯಿಯ ಒಪ್ಪಿಗೆ ಬೇಕು, ಇಂಥವರಿಗೇ ಕೊಡಿ ಎಂದು ಅವಳು ಹೇಳುವಂತಿಲ್ಲ, ಯಾರು ಕೊಟ್ಟರು ಯಾರು ಪಡೆದರು ಎಂಬುದು ಗುಟ್ಟಾಗಿರಬೇಕು. ಬ್ರಿಟನ್ನಿನಲ್ಲಿ 1989ರ ಪೋಲ್ಕಿಂಗ್‌ಹಾರ್ನ್ ಸಮಿತಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಗರ್ಭ ತೆಗೆಸುವ ನಿರ್ಧಾರ ಒಂದು ಕೋಣೆಯಲ್ಲಿ, ಅಂಗಾಂಶದ ಬಳಕೆ ಇನ್ನೊಂದು ಕೋಣೆಯಲ್ಲಿ, ನಡುವೆ ಗಟ್ಟಿ ಗೋಡೆ.

ಈ ಗೋಡೆಯನ್ನು ಎಷ್ಟು ನಂಬಬಹುದು ಎಂಬುದೇ ನನ್ನ ತಕರಾರು. ಭ್ರೂಣ ಅಂಗಾಂಶದ ಪರವಾಗಿ ಎಲ್ಲರೂ ಹೇಳುವ ವಾದ ನಿಮಗೆ ಗೊತ್ತಿರುತ್ತದೆ: ಹೇಗೂ ಬಿಸಾಡುವುದಲ್ಲವೇ, ಒಬ್ಬರಿಗೆ ಉಪಯೋಗವಾಗಲಿ. ನಿಜ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಗರ್ಭಪಾತವಾದ ಭ್ರೂಣ ಹೋಗಬೇಕಾದದ್ದು ಹಳದಿ ಚೀಲಕ್ಕೆ, ಅಲ್ಲಿಂದ ಸುಡುವ ಕುಲುಮೆಗೆ. ಸುಟ್ಟು ಬೂದಿ ಮಾಡುವುದಕ್ಕಿಂತ ಪಾರ್ಕಿನ್ಸನ್ ಸಂಶೋಧನೆಗೆ ಕೊಡುವುದು ಮೇಲು ಎಂದು ನನಗೂ ಅನ್ನಿಸುತ್ತದೆ. ಆದರೆ ಬಿಸಾಡುವ ವಸ್ತುವಿಗೆ ಬೇಡಿಕೆ ಬಂದ ಮರುಗಳಿಗೆಯಿಂದ ಅದು ಬಿಸಾಡುವ ವಸ್ತುವಾಗಿ ಉಳಿಯುವುದಿಲ್ಲ.

ಇಲ್ಲಿಯೇ ಲಸಿಕೆಗೂ ಕಸಿಗೂ ಇರುವ ಅಂತರ ಕಾಣುವುದು. 1962ರ ಒಂದು ಭ್ರೂಣದಿಂದ ಪಡೆದ ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟು ದಶಕಗಟ್ಟಲೆ ಬಳಸಿದರು, ಪ್ರತಿ ಸಲ ಲಸಿಕೆ ತಯಾರಿಸಲು ಹೊಸ ಗರ್ಭಪಾತದ ಅಗತ್ಯ ಬೀಳಲಿಲ್ಲ. ಲುಂಡ್ ಮಾದರಿಯ ಕಸಿಗೆ ಮಿದುಳಿನ ಒಂದು ಪಕ್ಕಕ್ಕೇ ಮೂರೋ ನಾಲ್ಕೋ ಭ್ರೂಣಗಳು ಬೇಕು, ಅದೂ ಆಗತಾನೇ ಸಿಕ್ಕಿದವು, ಎಲ್ಲವೂ ಕೆಲವೇ ದಿನಗಳೊಳಗೆ ಒಟ್ಟಾಗಬೇಕು. ಯುರೋಪಿನಲ್ಲಿ ನಡೆದ ಟ್ರಾನ್ಸ್‌ಯೂರೊ ಪ್ರಯೋಗದಲ್ಲಿ ಅಂಗಾಂಶ ಸಾಲದೆ ಶಸ್ತ್ರಚಿಕಿತ್ಸೆಗಳನ್ನು ಮತ್ತೆ ಮತ್ತೆ ರದ್ದು ಮಾಡಬೇಕಾಯಿತು, ಕೊನೆಗೆ ಕಸಿ ಆದದ್ದು 11 ಜನರಿಗೆ ಮಾತ್ರ. ಗೋಡೆ ಗಟ್ಟಿಯಾಗಿದ್ದ ಕಡೆಯ ಕಥೆ ಇದು. ಅಲ್ಲಿ ಕೊರತೆಯಾದಾಗ ಪ್ರಯೋಗ ನಿಂತಿತು. ಗೋಡೆ ತೆಳುವಾಗಿರುವ ಕಡೆ ಕೊರತೆಯಾದರೆ ಏನಾಗುತ್ತದೆ?

2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರಿಗೆ ಸಿಕ್ಕಿಬಿತ್ತು. ಲಿಂಗ ಪತ್ತೆ ನಿಷೇಧದ ಕಾಯ್ದೆ 1994ರಿಂದ ಇದೆ. ಗರ್ಭಪಾತಕ್ಕೆ 1971ರಿಂದ ಕಾನೂನಿದೆ, ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಸಾಕು ಎಂದೂ ಅದರಲ್ಲಿದೆ. ಆದರೂ ಬೆಲ್ಲ ಬೇಯುವ ಜಾಗಕ್ಕೆ ಬಸುರಿಯರು ಹೋದರು, ಅಥವಾ ಅವರನ್ನು ಕರೆದೊಯ್ದರು. ಆ ಜಾಲಕ್ಕೂ ಆಕರಕೋಶಕ್ಕೂ ಸಂಬಂಧವಿತ್ತೆಂದು ನಾನು ಹೇಳುತ್ತಿಲ್ಲ, ಇರಲಿಲ್ಲ. ಪಾರ್ಕಿನ್ಸನ್‌ಗೆ ಬೇಕಾದ ಆರೆಂಟು ವಾರದ ಭ್ರೂಣದಲ್ಲಿ ಸ್ಕ್ಯಾನಿಂಗ್ ಮಾಡಿ ಲಿಂಗ ತಿಳಿಯಲೂ ಆಗುವುದಿಲ್ಲ. ನಾನು ನೋಡುತ್ತಿರುವುದು ಗೋಡೆಯನ್ನು. ಅತ್ತೆ, ಗಂಡ, ಮಧ್ಯವರ್ತಿ, ಸ್ಕ್ಯಾನ್ ಮಾಡುವವನು, ಇವರೆಲ್ಲ ಆಗಲೇ ಹೆಂಗಸಿನ ನಿರ್ಧಾರದ ಸುತ್ತ ನಿಂತಿರುವ ನಾಡಿನಲ್ಲಿ ಅಂಗಾಂಶ ಕೊಳ್ಳುವವನೂ ಬಂದು ನಿಂತರೆ ಅವಳ 'ಹೂಂ' ಎಷ್ಟರ ಮಟ್ಟಿಗೆ ಅವಳದಾಗಿರುತ್ತದೆ? ಗರ್ಭಪಾತದ ಹಕ್ಕಿನ ಪರ ಇರುವವಳಾಗಿಯೇ ಇದನ್ನು ಕೇಳುತ್ತಿದ್ದೇನೆ. ಆ ಹಕ್ಕಿನ ಪಕ್ಕದಲ್ಲಿ ತಕ್ಕಡಿ ತಂದಿಡುವುದು ಅವಳಿಗೆ ಉಪಕಾರವಲ್ಲ.

ಹಾಗಾಗಿ ನನ್ನ ನಿಲುವು ಹೀಗೆ. ಒಂದು ಭ್ರೂಣದಿಂದ ಒಮ್ಮೆ ಕೋಶಸಂತತಿ ಮಾಡಿ ಅದನ್ನೇ ಬೆಳೆಸಿಕೊಂಡು ಹೋಗುವ ದಾರಿಯನ್ನು ಕೇಳಿ ಪಡೆದದ್ದಾದರೆ ಒಪ್ಪಬಲ್ಲೆ. 2010ರಲ್ಲಿ ಗ್ಲಾಸ್ಗೋದಲ್ಲಿ ಪಾರ್ಶ್ವವಾಯು ಪೀಡಿತರ ಮೇಲೆ ನಡೆದ ಪ್ರಯೋಗಕ್ಕೆ ಬಳಸಿದ್ದು ಅಂಥ ಕೋಶಸಂತತಿಯನ್ನೇ. ಪ್ರತಿ ರೋಗಿಗೂ ಹೊಸ ಭ್ರೂಣಗಳು ಬೇಕಾಗುವ ಚಿಕಿತ್ಸೆಯನ್ನು, ಅದು ನಾಳೆ ಫಲಿಸಿದರೂ, ನಮ್ಮಲ್ಲಿ ಒಪ್ಪಲಾರೆ.

ಬೇರೆ ದಾರಿಗಳು ತೆರೆದುಕೊಳ್ಳುತ್ತಿವೆ. ಭ್ರೂಣ ಎಂದಾಗ ಜನ ಕಲಸಿಕೊಳ್ಳುವುದರಿಂದ ಹೇಳುತ್ತೇನೆ: ಐವಿಎಫ್ ಚಿಕಿತ್ಸೆಯಲ್ಲಿ ಮಿಕ್ಕ ಐದಾರು ದಿನದ ಭ್ರೂಣದಿಂದ ಪಡೆಯುವ ಕೋಶಗಳೇ ಬೇರೆ, ಗರ್ಭಪಾತದಿಂದ ಬರುವ, ಗರ್ಭದಲ್ಲಿ ವಾರಗಟ್ಟಲೆ ಬೆಳೆದ ಭ್ರೂಣದ ಕೋಶಗಳೇ ಬೇರೆ. ಮೊದಲನೆಯದನ್ನು 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಬೆಳೆಸಿ ತೋರಿಸಿದರು. 2001ರಲ್ಲಿ ಅಮೆರಿಕ ಸರ್ಕಾರ ಅನುದಾನಕ್ಕೆ ಅರ್ಹವೆಂದು ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರದ ಮೂರು ಕೋಶಸಂತತಿಗಳೂ ಇದ್ದವು ಎಂಬುದು ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವವರಿಗೂ ತಿಳಿದಿರಲಿಕ್ಕಿಲ್ಲ. ಆಮೇಲೆ ಶಿನ್ಯಾ ಯಮನಕಾ 2006ರಲ್ಲಿ ಇಲಿಯ ಚರ್ಮದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಆಕರಕೋಶದಂತೆ ಮಾಡಿದರು, ಮರುವರ್ಷ ಮನುಷ್ಯನದನ್ನೂ ಮಾಡಿದರು, 2012ರಲ್ಲಿ ನೊಬೆಲ್ ಬಂತು. 2025ರಲ್ಲಿ ಪಾರ್ಕಿನ್ಸನ್‌ನ ಎರಡು ಸಣ್ಣ ಪ್ರಯೋಗಗಳ ವರದಿ ಒಟ್ಟಿಗೇ ಪ್ರಕಟವಾಯಿತು: ಕ್ಯೋಟೊದಲ್ಲಿ ಯಮನಕಾ ವಿಧಾನದ ಐಪಿಎಸ್ ಕೋಶಗಳನ್ನು ಏಳು ಜನರಿಗೆ, ಉತ್ತರ ಅಮೆರಿಕದಲ್ಲಿ ಐದಾರು ದಿನದ ಭ್ರೂಣದ ಆಕರಕೋಶಗಳಿಂದ ಬೆಳೆಸಿದ ನರಕೋಶಗಳನ್ನು ಹನ್ನೆರಡು ಜನರಿಗೆ ಕಸಿ ಮಾಡಿದ್ದರು. ಎರಡರಲ್ಲೂ ದೊಡ್ಡ ಅಪಾಯ ಕಾಣಲಿಲ್ಲ. ಚಿಕ್ಕಪ್ಪನ ಮಗನಿಗೆ ಈ ಸುದ್ದಿ ಕಳಿಸಿದೆ. "ಇದು ಯಾವಾಗ ಬರುತ್ತದೆ?" ಎಂದು ಕೇಳಿದ. ಅವನ ಅಪ್ಪನ ಪಾಲಿಗೆ ಬರಲಿಕ್ಕಿಲ್ಲ ಎನ್ನಬೇಕಾಯಿತು.

ಆದರೆ ಐಪಿಎಸ್ ಬಂತಲ್ಲ, ಪಾಪವೆಲ್ಲ ತೊಳೆಯಿತು ಎಂದು ಕೈಕೊಡವಿಕೊಳ್ಳುವುದು ಪ್ರಾಮಾಣಿಕವಲ್ಲ. ಕಸಿ ಮಾಡಿದ ನರಕೋಶ ಮನುಷ್ಯನ ಮಿದುಳಿನಲ್ಲಿ ದಶಕಗಳ ಕಾಲ ಬದುಕಬಲ್ಲದು ಎಂಬುದು ಗೊತ್ತಾದದ್ದೇ ಆ ಭ್ರೂಣ ಕಸಿಗಳಿಂದ. 2008ರಲ್ಲಿ ಹಳೆಯ ರೋಗಿಗಳ ಮರಣೋತ್ತರ ಪರೀಕ್ಷೆಯಲ್ಲಿ, ಆ ಎಳೆಯ ಕೋಶಗಳಿಗೂ ಪಾರ್ಕಿನ್ಸನ್ನಿನ ಗುರುತು ಅಂಟಿಕೊಂಡಿರುವುದು ಕಂಡಿತು. ಈ ಕಾಯಿಲೆಯ ಬಗ್ಗೆ ಇದ್ದ ತಿಳಿವಳಿಕೆಯನ್ನೇ ಅದು ಅಲುಗಾಡಿಸಿತು. ಇಂದಿನ 'ಶುದ್ಧ' ದಾರಿಯ ಕೆಳಗೆ ಆ ಭ್ರೂಣಗಳಿವೆ, ಅವುಗಳ ತಾಯಂದಿರಿದ್ದಾರೆ.

ಕೇಳುವುದಾದರೆ ಹೇಗೆ ಕೇಳಬೇಕು? ಪೋಲ್ಕಿಂಗ್‌ಹಾರ್ನ್ ಸಮಿತಿಯ ಪ್ರಕಾರ ಅವಳಿಂದ ಒಂದು ಸಾಮಾನ್ಯ ಒಪ್ಪಿಗೆ ಪಡೆದರೆ ಸಾಕು, ಯಾವ ಬಳಕೆ ಎಂಬುದನ್ನು ಹೇಳಬಾರದು, ಹೇಳಿದರೆ ಅದೇ ಆಮಿಷವಾದೀತು. ಕಾಳಜಿ ಅರ್ಥವಾಗುತ್ತದೆ, ಆದರೂ ನನಗೆ ಒಪ್ಪಿಗೆಯಿಲ್ಲ. ಅರುವತ್ತು ವರ್ಷ ಬದುಕಬಲ್ಲ, ದೇಶ ದಾಟಬಲ್ಲ, ಕಂಪನಿಯೊಂದರ ಆಸ್ತಿಯಾಗಬಲ್ಲ ಕೋಶಸಂತತಿ ಮಾಡುವುದಾದರೆ ಅದನ್ನು ಅವಳಿಗೆ ಹೇಳಲೇಬೇಕು, ಗರ್ಭಪಾತದ ನಿರ್ಧಾರಕ್ಕೆ ಸಹಿ ಬಿದ್ದ ಮೇಲೆ, ಬೇರೆ ಸಿಬ್ಬಂದಿಯಿಂದ, ಗಂಡನನ್ನು ಹೊರಗೆ ಕೂರಿಸಿ, ಅವಳ ಭಾಷೆಯಲ್ಲಿ. ನಿನಗೆ ಹಣ ಸಿಗುವುದಿಲ್ಲ, ಬೇರೆಯವರಿಗೆ ಸಿಗಬಹುದು ಎಂಬುದೂ ಆ ಕಾಗದದಲ್ಲಿರಬೇಕು. ಬೇಡ ಎಂದರೆ ನಿನ್ನ ಚಿಕಿತ್ಸೆ ಒಂದಿಷ್ಟೂ ಬದಲಾಗುವುದಿಲ್ಲ ಎಂಬುದು ಮೊದಲ ಸಾಲಿನಲ್ಲೇ ಇರಬೇಕು.

ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಹೆರಿಗೆ ವೈದ್ಯೆಯಾಗಿರುವ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕಳು. "ಇಷ್ಟೆಲ್ಲ ಬರೆದರೆ ಹತ್ತರಲ್ಲಿ ಒಬ್ಬಳೂ ಸಹಿ ಹಾಕುವುದಿಲ್ಲ ಕಣೇ." ಹಾಕದಿದ್ದರೆ ಬೇಡ. ಆಗ ಆ ಸಂಶೋಧನೆ ಚರ್ಮದ ಕೋಶಗಳ ಮೇಲೆಯೇ ನಡೆಯಲಿ, ಹತ್ತು ವರ್ಷ ತಡವಾಗುವುದಾದರೆ ಆಗಲಿ. ಆ ಹತ್ತು ವರ್ಷಗಳಲ್ಲಿ ಚಿಕ್ಕಪ್ಪನಂಥವರ ಪಾಲೂ ಇದೆ ಎಂದು ಗೊತ್ತಿದ್ದೇ ಹೀಗೆ ಬರೆಯುತ್ತಿದ್ದೇನೆ.